ಗದ್ದೆ ಮಾರಿದ ಮೇಲೆ ಭೂಮಿ ಹುಣ್ಣಿಮೆಯನ್ನು ಎಲ್ಲಿ ಆಚರಿಸಬೇಕು?

ಪ್ರಶ್ನೆ: ವಿನೋಬನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗ ಪೇಟೆಯಲ್ಲಿ. ನನ್ನ ಯಜಮಾನರ ಊರು ಹೊಸನಗರ ತಾಲ್ಲೂಕಿನಲ್ಲಿ, ರಿಪ್ಪನ್‌ಪೇಟೆಯಿಂದ ಒಳಗೆ ಹೋಗಬೇಕಾದ ಒಂದು ಸಣ್ಣ ಹಳ್ಳಿ. ಮಾವ ತೀರಿಕೊಂಡ ಮರುವರ್ಷ, ನೋಡಿಕೊಳ್ಳುವವರಿಲ್ಲವೆಂದು ಅಲ್ಲಿದ್ದ 1 ಎಕರೆ 20 ಗುಂಟೆ ಗದ್ದೆಯನ್ನು ಪಕ್ಕದ ಗದ್ದೆಯವರಿಗೇ ಕ್ರಯಕ್ಕೆ ಕೊಟ್ಟು, ಅತ್ತೆಯವರನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆವು. ಅವರಿಗೆ ಈಗ 71 ವರ್ಷ. ಪೇಟೆಯ ಬದುಕಿಗೆ ಅವರು ಹೊಂದಿಕೊಂಡಿಲ್ಲವೆಂದು ನಾನು ಹೇಳಲಾರೆ. ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಬರುತ್ತಾರೆ, ಎದುರುಮನೆಯವರ ಮಗುವನ್ನು ಆಡಿಸುತ್ತಾರೆ, ಕಾಂಪೌಂಡಿನ ಮೂಲೆಯಲ್ಲಿ ಕೆಸುವನ್ನೂ ಬಸಳೆಯನ್ನೂ ಬೆಳೆಸಿದ್ದಾರೆ. ಆದರೆ ನವರಾತ್ರಿ ಕಳೆಯುತ್ತಿದ್ದಂತೆ ಅವರ ಮಾತು ಕಡಿಮೆಯಾಗುತ್ತದೆ.

ಹೋದ ವರ್ಷ ನಡೆದದ್ದನ್ನು ಹೇಳಿದರೆ ನನ್ನ ಪ್ರಶ್ನೆ ನಿಮಗೆ ಅರ್ಥವಾದೀತು. ಕಡುಬು, ಪಾಯಸವನ್ನು ದೇವರ ಮುಂದೆ ಎಡೆ ಇಟ್ಟರೆ ಸಾಕೆಂದುಕೊಂಡು, ಹಬ್ಬದ ಹಿಂದಿನ ದಿನ ಒಂದು ಅಂಗಡಿಯಲ್ಲಿ ಕೊಟ್ಟೆ ಕಡುಬಿಗೆ ಹೇಳಿ ಬಂದಿದ್ದೆ. ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಲು ಎದ್ದಾಗ ಮುಂಬಾಗಿಲಿನ ಚಿಲಕ ತೆಗೆದಿತ್ತು. ಗಾಬರಿಯಿಂದ ಹೊರಗೆ ಬಂದು ನೋಡಿದರೆ, ರಸ್ತೆಯ ಕೊನೆಯ ಖಾಲಿ ಸೈಟುಗಳ ಕಡೆಯಿಂದ ಅತ್ತೆ ನಡೆದು ಬರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು, ಸೀರೆಯ ಅಂಚು ಇಬ್ಬನಿಯಲ್ಲಿ ತೊಯ್ದಿತ್ತು, ಕೈಯಲ್ಲಿ ಹೂವಿನ ಸಣ್ಣ ಬುಟ್ಟಿಯಿತ್ತು, ಬೆರಳುಗಳಿಗೆ ಬೆಂದ ಸೊಪ್ಪು ಮತ್ತು ಅನ್ನ ಅಂಟಿಕೊಂಡಿತ್ತು. ನಾವೆಲ್ಲ ಮಲಗಿದ ಮೇಲೆ ಒಬ್ಬರೇ ಹಚ್ಚಂಬಲಿ, ಅಂದರೆ ಗದ್ದೆಗೆ ಬೀರುವ ಬೆರಕೆ ಸೊಪ್ಪಿನ ಅಡುಗೆ, ಬೇಯಿಸಿ ಅನ್ನ ಕಲಸಿ, ಕಾಂಗ್ರೆಸ್ ಗಿಡ ತುಂಬಿದ ಆ ಸೈಟುಗಳಿಗೆ ಬೀರಿ ಬಂದಿದ್ದರು. "ಭೂಮಿ ಎಲ್ಲಾ ಕಡೆ ಒಂದೇ ಹೌದು ಕಣೆ. ಆದ್ರೆ ಅಲ್ಲಿ ಬಸುರಿ ಯಾರೂ ಇರ್ಲಿಲ್ಲ" ಎಂದು ಹೇಳಿ ಕೈತೊಳೆಯಲು ಒಳಗೆ ಹೋದರು. ಅಂಗಡಿಯ ಕಡುಬನ್ನು ಅವರು ಮುಟ್ಟಲಿಲ್ಲ. ಆ ದಿನದಿಂದ ನನಗೆ ಮನಸ್ಸಿಗೆ ಸಮಾಧಾನವಿಲ್ಲ.

ಈ ವರ್ಷ ಹಾಗಾಗಬಾರದು ಎಂದು ಈಗಲೇ ಕೇಳುತ್ತಿದ್ದೇನೆ. ಬೆಂಗಳೂರಿನಲ್ಲಿರುವ ಮೈದುನ, ಮಹಡಿಯ ಮೇಲೆ ಕುಂಡದಲ್ಲಿ ನಾಲ್ಕು ಭತ್ತದ ಬುಡ ಇಟ್ಟು ಪೂಜೆ ಮಾಡಿಸಿ ಎನ್ನುತ್ತಾರೆ. ಊರಿನ ಆ ಗದ್ದೆಗೇ ಅತ್ತೆಯನ್ನು ಕರೆದುಕೊಂಡು ಹೋಗಬೇಕೆಂದು ನನಗೆ ಅನಿಸುತ್ತದೆ. ಕೊಂಡವರು ಇವತ್ತಿಗೂ ಅದರಲ್ಲಿ ಭತ್ತವನ್ನೇ ಬೆಳೆಯುತ್ತಿದ್ದಾರೆ. ಆದರೆ ಯಜಮಾನರಿಗೆ ಅಳುಕಿದೆ. ಮಾರಿದ ಗದ್ದೆಗೆ ಹೋಗಿ ಪೂಜೆ ಮಾಡಿದರೆ ಕೊಂಡವರು ಏನೆಂದುಕೊಳ್ಳುತ್ತಾರೋ, ಇವರಿಗೆ ಇನ್ನೂ ಹಕ್ಕಿನ ಆಸೆಯಿದೆ ಎಂದು ಊರಿನವರು ಆಡಿಕೊಂಡಾರು ಎಂಬುದು ಅವರ ಚಿಂತೆ. ಹಾಗೆ ಹೋಗುವುದು ಪದ್ಧತಿಯಲ್ಲಿ ಉಂಟೇ? ಹೋಗುವುದಾದರೆ ಹೇಗೆ ಕೇಳಬೇಕು, ಏನು ಒಯ್ಯಬೇಕು? ತಿಳಿದವರು ದಯವಿಟ್ಟು ಹೇಳಿಕೊಡಿ.

ಉತ್ತರ: ಸಾಗರ ಸೀಮೆಯ ನಿವೃತ್ತ ಶಿಕ್ಷಕ

ತಂಗೀ, ನಿಮ್ಮ ಅತ್ತೆಯವರ ಮಾತನ್ನು ನಾನು ಎರಡು ಸಲ ಓದಿದೆ. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಮಲೆನಾಡಿನ ಭತ್ತ ಹೊಡೆ ತುಂಬಿ, ಅಂದರೆ ಕದಿರನ್ನು ಒಳಗೇ ಹೊತ್ತು, ನಿಂತಿರುತ್ತದೆ. ಗರ್ಭಿಣಿಯಾದ ಮನೆಮಗಳಿಗೆ ಬಯಕೆ ಊಟ ಬಡಿಸುವಂತೆ ಆ ಗದ್ದೆಗೆ ಬಡಿಸುವುದೇ ಈ ಹಬ್ಬ. ಆದ್ದರಿಂದ ಪೈರಿಲ್ಲದ ನೆಲದಲ್ಲಿ ಅವರಿಗೆ ತೃಪ್ತಿಯಾಗದೆ ಹೋದದ್ದು ಸಹಜ.

ಇನ್ನು ಹಕ್ಕಿನ ವಿಚಾರ. ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡಿ ಆಚರಿಸಿದ ಹಬ್ಬ ಇದು ಎಂದೂ ಆಗಿರಲಿಲ್ಲ. ನಮ್ಮ ತಂದೆ ಗೇಣಿದಾರರಾಗಿದ್ದವರು. 1951ರಲ್ಲಿ ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಅಳತೆಯ ಕೊಳಗದ ಅನ್ಯಾಯದ ವಿರುದ್ಧ ಎದ್ದು ನಿಂತು ಸತ್ಯಾಗ್ರಹ ಮಾಡಿದ್ದನ್ನೂ, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದದ್ದನ್ನೂ ನೀವು ಕೇಳಿರಬಹುದು. ಆ ಕಾಲದಲ್ಲಿ ಉಳುವವರ ಬಳಿ ಒಂದು ಗುಂಟೆಗೂ ಕಾಗದವಿರಲಿಲ್ಲ. ಹಾಗಿದ್ದೂ ಭೂಮಿ ಹುಣ್ಣಿಮೆಯ ಬೆಳಿಗ್ಗೆ ಬುಟ್ಟಿ ಹೊತ್ತು ಗದ್ದೆಗೆ ಇಳಿಯುತ್ತಿದ್ದವರು ನಟ್ಟಿ ಮಾಡಿದವರೇ ಹೊರತು ಗೇಣಿ ಅಳೆಸಿಕೊಳ್ಳುತ್ತಿದ್ದ ಒಡೆಯರಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಮುಂದೆ ನಮ್ಮ ತಂದೆಯ ಹೆಸರಿಗೆ ಗದ್ದೆಯಾಯಿತು. ಆ ವರ್ಷವೂ ಅಮ್ಮ ಅದೇ ಬದುವಿನ ಮೇಲೆ, ಅದೇ ಮೂಲೆಯಲ್ಲಿ ಎಡೆ ಹಾಕಿದರು. ಬುಟ್ಟಿಯಲ್ಲಿ ಒಂದು ಕಡುಬೂ ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ.

ಆದರೆ ಇದೇ ಕಾರಣಕ್ಕೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಈಗ ಆ ಗದ್ದೆಯನ್ನು ಉಳುತ್ತಿರುವವರು ಅದನ್ನು ಕೊಂಡವರು. ಮೊದಲ ಪೂಜೆ ಅವರ ಮನೆಯ ಹೆಂಗಸರದು. ನಿಮ್ಮ ಅತ್ತೆಯವರು ಬೇರೆಯದಾಗಿ ಹೋಗಿ ಒಂದು ಮೂಲೆಯಲ್ಲಿ ತಮ್ಮದೇ ಪೂಜೆ ಮಾಡಿ ಬರುವುದು ಸರಿಕಾಣದು. ಅವರ ಪೂಜೆಗೆ ಸೇರಿಕೊಳ್ಳಲಿ, ತಮ್ಮ ಬುಟ್ಟಿಯ ಪಾಲನ್ನು ಅವರ ಎಡೆಯ ಪಕ್ಕದಲ್ಲಿ ಇಡಲಿ. ಫೋನಿನಲ್ಲಿ ಕೇಳಬೇಡಿ. ಹಬ್ಬಕ್ಕೆ ಹತ್ತು ಹದಿನೈದು ದಿನ ಇರುವಾಗಲೇ ನೀವೂ ನಿಮ್ಮ ಯಜಮಾನರೂ ಎಲೆ ಅಡಿಕೆ, ಬಾಳೆಹಣ್ಣು ಹಿಡಿದುಕೊಂಡು ಅವರ ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಮನೆಯ ಹಿರಿಯರ ಎದುರಿಗೆ ಕೇಳಿ. ಕ್ರಯಪತ್ರ ನೋಂದಣಿಯಾಗಿ ಖಾತೆ ಬದಲಾದ ಮೇಲೆ ಪೂಜೆಯಿಂದ ಯಾವ ಹಕ್ಕೂ ಹುಟ್ಟುವುದಿಲ್ಲ ಎಂಬುದು ಅವರಿಗೂ ಗೊತ್ತಿರುತ್ತದೆ. ಆದರೂ ನಿಮ್ಮ ಯಜಮಾನರ ಮನಸ್ಸಿನಲ್ಲಿ ಅಳುಕಿರುವುದರಿಂದ, "ಗದ್ದೆ ನಿಮ್ಮದು, ಅಮ್ಮನ ಮನಸ್ಸಿಗಾಗಿ ಬರುತ್ತಿದ್ದೇವೆ" ಎಂದು ಅವರೇ ಬಾಯಿಬಿಟ್ಟು ಹೇಳಲಿ. ಹೇಳಿದರೆ ಇಬ್ಬರ ಎದೆಯೂ ಹಗುರಾಗುತ್ತದೆ.

ಉತ್ತರ: ಸೊರಬದಿಂದ ಬಂದು ಗೋಪಾಳದಲ್ಲಿ ನೆಲೆಸಿದವಳು

ಮೇಷ್ಟ್ರು ಹೇಳಿದ್ದೆಲ್ಲ ಸರಿ. ನಾನು ಬುಟ್ಟಿ ಮತ್ತು ಅಡುಗೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಪೇಟೆಯಲ್ಲಿ ಬೆಳೆದ ಸೊಸೆಯಂದಿರು ಹೆದರುವುದು ಅದಕ್ಕೇ.

ನಮ್ಮ ಮನೆಯಲ್ಲಿ ಎರಡು ಬುಟ್ಟಿ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬಲಿ ಬುಟ್ಟಿ. ಬಿದಿರಿನ ಬುಟ್ಟಿಗೆ ಮೊದಲು ಸಗಣಿ ಸಾರಿಸಿ ಒಣಗಿಸಿ, ಅದರ ಮೇಲೆ ಕೆಮ್ಮಣ್ಣು ಬಳಿದು, ಅದೂ ಒಣಗಿದ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿಯಲ್ಲಿ ಚಿತ್ತಾರ ಬರೆಯುತ್ತೇವೆ. ಕುಂಚವೆಂದರೆ ಪುಂಡಿ ನಾರನ್ನು ಜಜ್ಜಿ ತುದಿಯನ್ನು ಎಳೆಎಳೆಯಾಗಿ ಮಾಡಿಕೊಂಡದ್ದು. ಒಂದು ಎಳೆ ಬರೆಯುವಾಗ ಕೈ ನಡುಗಬಾರದು, ಉಸಿರನ್ನೇ ಬಿಗಿಹಿಡಿದು ಎಳೆಯುತ್ತೇವೆ. ಭತ್ತದ ಸಸಿ, ಏಣಿ, ಗೊಂಬೆ ಸಾಲು, ಜೋಗಿ ಜಡೆ ಎಂದು ಒಂದೊಂದಕ್ಕೂ ಹೆಸರಿದೆ. ವಿಜಯದಶಮಿಯಿಂದ ಹುಣ್ಣಿಮೆಗೆ ಐದು ದಿನ ಸಿಗುವುದರಿಂದ ನಾವು ಅಂದೇ ಶುರು ಮಾಡುತ್ತೇವೆ. ನಿಮ್ಮ ಅತ್ತೆಯವರಿಗೆ ಚಿತ್ತಾರ ಬರುತ್ತದೆಯೋ ಇಲ್ಲವೋ ಕೇಳಿ ನೋಡಿ. ಬರುತ್ತದೆಂದಾದರೆ ಬುಟ್ಟಿಯೊಂದನ್ನು ತಂದು ಅವರ ಮುಂದಿಟ್ಟು ಸುಮ್ಮನಿರಿ. ಅವರ ಕೈಯೇ ಮುಂದಿನದನ್ನು ನೋಡಿಕೊಳ್ಳುತ್ತದೆ. ಅವರ ಮನೆಯಲ್ಲಿ ಆ ಪದ್ಧತಿ ಇಲ್ಲದಿದ್ದರೆ ಶುಭ್ರವಾದ ಬುಟ್ಟಿ, ಬಾಳೆಎಲೆ ಸಾಕು. ಬರೆದ ಬುಟ್ಟಿಯನ್ನು ಹಣ ಕೊಟ್ಟು ತಂದು ಇಡುವುದಕ್ಕಿಂತ ಅದೇ ಮೇಲೆಂದು ನನ್ನ ಅಭಿಪ್ರಾಯ.

ಹಚ್ಚಂಬಲಿಗೆ ನೂರೊಂದು ಕುಡಿ ಬೇಕೆಂದು ಹೇಳುವುದುಂಟು. ನಮ್ಮಮ್ಮ ಒಂಬತ್ತು ಬಗೆ ಸೇರಿದರೆ ಸಂತೋಷಪಡುತ್ತಿದ್ದರು, ಏಳಾದರೂ ಗೊಣಗುತ್ತಿರಲಿಲ್ಲ. ನಿಮ್ಮ ಕಾಂಪೌಂಡಿನಲ್ಲಿ ಕೆಸುವೂ ಬಸಳೆಯೂ ಇದೆ ಎಂದಿದ್ದೀರಿ, ಅಲ್ಲಿಗೆ ಎರಡಾಯಿತು. ಹರಿವೆ, ಕುಂಬಳದ ಕುಡಿ, ಹೊನಗೊನೆ, ಒಂದೆಲಗ, ಚಗಟೆ ಇವುಗಳಲ್ಲಿ ಸಿಕ್ಕಿದ್ದನ್ನು ಸೇರಿಸಿಕೊಳ್ಳಿ. ಪೇಟೆಯ ಬೀದಿಗಳಲ್ಲಿ ಹಳ್ಳಿಯಿಂದ ಬಂದು ಸೊಪ್ಪು ಮಾರುವ ಹೆಂಗಸರಿಗೆ ಎರಡು ದಿನ ಮೊದಲೇ ಹೇಳಿಟ್ಟರೆ ಬೆರಕೆ ಸೊಪ್ಪನ್ನು ತಂದುಕೊಡುತ್ತಾರೆ. ಚರಂಡಿಯ ಬದಿಯ ಸೊಪ್ಪು ಮಾತ್ರ ಬೇಡ. ಕೆಸುವನ್ನು ಅಮಟೆಕಾಯಿಯ ಹುಳಿಯೊಂದಿಗೆ ಚೆನ್ನಾಗಿ ಬೇಯಿಸಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಬೀರುವ ಹಚ್ಚಂಬಲಿಗೆ ಉಪ್ಪು ಹಾಕಬಾರದು. ಉಪ್ಪು ಹಾಕಿದ ಪಲ್ಯವನ್ನು ಮನುಷ್ಯರಿಗೆ ಬೇರೆಯಾಗಿ ಮಾಡಿಕೊಳ್ಳಿ.

ಕಡುಬನ್ನು ಅಂಗಡಿಯಿಂದ ತಂದದ್ದಕ್ಕೆ ಅತ್ತೆಯವರು ಮುಟ್ಟಲಿಲ್ಲವೆಂದು ನೊಂದುಕೊಳ್ಳಬೇಡಿ. ಅವರ ಕೋಪ ನಿಮ್ಮ ಮೇಲಿರಲಿಕ್ಕಿಲ್ಲ. ಆ ರಾತ್ರಿ ನಮ್ಮ ಕಡೆಯ ಹೆಂಗಸರು ಮಲಗುವುದೇ ಇಲ್ಲ. ಒಬ್ಬರು ಸೌತೆಕಾಯಿ ತುರಿಯುತ್ತಾರೆ, ಒಬ್ಬರು ಬಾಳೆಎಲೆ ಬಾಡಿಸುತ್ತಾರೆ, ಇನ್ನೊಬ್ಬರು ಒಲೆಯ ಮುಂದೆ. ಮೂರು ತಲೆಮಾರಿನ ಮಾತು ಆ ಒಂದು ರಾತ್ರಿ ಆಡಿ ಮುಗಿಯುತ್ತದೆ. ಹೋದ ವರ್ಷ ನಿಮ್ಮ ಅತ್ತೆಯವರು ಆ ರಾತ್ರಿಯನ್ನು ಒಬ್ಬರೇ ಕಳೆದರು. ಈ ವರ್ಷ ನೀವು ಪಕ್ಕದಲ್ಲಿ ಕುಳಿತು ಸೌತೆಕಾಯಿ ತುರಿದುಕೊಡಿ. ಅಕ್ಕಿ ತರಿ, ಬೆಲ್ಲ, ತೆಂಗಿನತುರಿ ಸೇರಿಸಿ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವುದು ಗ್ಯಾಸ್ ಒಲೆಯ ಮೇಲೂ ಆಗುತ್ತದೆ.

ಉತ್ತರ: ತಿಲಕನಗರದ ಎರಡನೇ ಮಹಡಿಯಿಂದ

ನಿಮ್ಮ ಮೈದುನರ ಮಾತನ್ನು ಎಲ್ಲರೂ ಬದಿಗಿಟ್ಟಿರುವುದರಿಂದ ಅವರ ಪರವಾಗಿ ಎರಡು ಮಾತು ಬರೆಯುತ್ತಿದ್ದೇನೆ. ನನ್ನ ತಾಯಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮೆಟ್ಟಿಲು ಇಳಿಯಲಾಗದೆ ಆರು ವರ್ಷ ಈ ಮಹಡಿಯಲ್ಲೇ ಇದ್ದರು. ಆರಿದ್ರಾ ಮಳೆಯ ಹೊತ್ತಿಗೆ ನಾನು ಪೇಂಟಿನ ಖಾಲಿ ಬಕೆಟ್ಟಿಗೆ ಗದ್ದೆಯ ಮಣ್ಣು ತುಂಬಿ, ನೀರು ನಿಲ್ಲಿಸಿ, ಊರಿನ ಬಿತ್ತನೆ ಭತ್ತ ಹಾಕುತ್ತಿದ್ದೆ. ಹಬ್ಬದ ಹೊತ್ತಿಗೆ ಅದೂ ಹೊಡೆಯಾಗುತ್ತಿತ್ತು. ಒಂದು ವರ್ಷ ಪೈರು ಒರಗಿ ಬಿದ್ದಾಗ ಅಮ್ಮ ಅದಕ್ಕೆ ತಮ್ಮ ಹಳೆಯ ಸೀರೆಯ ಅಂಚಿನಿಂದಲೇ ಊರೆ ಕಟ್ಟಿಸಿದರು. ಹೊಡೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಒಳಗೆ ಕದಿರು ಕೈಗೆ ಸಿಕ್ಕಿದಾಗ ಅವರ ಮುಖ ಹೇಗಾಗುತ್ತಿತ್ತೆಂದು ನಾನು ನೋಡಿದ್ದೇನೆ. ಆದ್ದರಿಂದ ಕುಂಡದ ಪೂಜೆ ಸುಳ್ಳು ಪೂಜೆಯೆಂದು ಯಾರೂ ಹೇಳಬೇಡಿ. ನಿಮ್ಮ ಅತ್ತೆಯವರು ಇನ್ನೂ ನಡೆಯಬಲ್ಲರು, ಗದ್ದೆಯೂ ಒಂದೂವರೆ ಗಂಟೆಯ ದಾರಿಯಲ್ಲಿದೆ. ಆದ್ದರಿಂದ ಈ ವರ್ಷ ಅಲ್ಲಿಗೇ ಕರೆದುಕೊಂಡು ಹೋಗಿ. ಮುಂದೆ ಅವರ ಕಾಲು ಸೋತಾಗ ಬಕೆಟ್ಟಿನ ವಿಚಾರ ನೆನಪಿರಲಿ. ಆದರೆ ಬೀಜವನ್ನು ಜೂನ್ ತಿಂಗಳಿನಲ್ಲೇ ಹಾಕಬೇಕು. ಅಕ್ಟೋಬರಿನಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ಉತ್ತರ: ಹೊಳಲೂರು ಕಡೆಯ ರೈತ

ನಮ್ಮದು ತುಂಗಾ ನಾಲೆಯ ನೀರಿನ ಗದ್ದೆ. ಹಬ್ಬವನ್ನು ನಾವು ಶೀಗೆ ಹುಣ್ಣಿಮೆ ಎನ್ನುತ್ತೇವೆ, ಚರಗ ಚೆಲ್ಲುತ್ತೇವೆ. ಉಳಿದ ಆಚರಣೆಯನ್ನು ಹಿರಿಯರು ಹೇಳಿದ್ದಾರೆ. ಗದ್ದೆಯವನಾಗಿ ನಾನು ಬೇರೆ ಕೆಲವು ಸಂಗತಿಗಳನ್ನು ಹೇಳಬೇಕು, ಏಕೆಂದರೆ ಪೇಟೆಯಿಂದ ಪ್ರೀತಿಯಿಂದ ಬಂದವರೂ ತಿಳಿಯದೆ ಪೈರಿಗೆ ತೊಂದರೆ ಮಾಡಿಬಿಡುತ್ತಾರೆ.

ಮೊದಲಿಗೆ, ಗದ್ದೆಯವರನ್ನು ಕೇಳಲು ಹೋದಾಗ ಔಷಧಿ ಯಾವಾಗ ಹೊಡೆದಿದ್ದಾರೆಂದು ಸಂಕೋಚವಿಲ್ಲದೆ ವಿಚಾರಿಸಿ. ಹೊಡೆಯ ಹಂತದಲ್ಲಿ ಬೆಂಕಿರೋಗಕ್ಕೋ ಹುಳಕ್ಕೋ ಸಿಂಪಡಿಸುವುದು ಈಗ ಸಾಮಾನ್ಯ. ಹಬ್ಬದ ಹತ್ತಿರದ ದಿನಗಳಲ್ಲಿ ಸಿಂಪಡಿಸಿದ್ದರೆ ಆ ಬದುವಿನ ಮೇಲೆ ಕುಳಿತು ಉಣ್ಣಬಾರದು, ಅಲ್ಲಿನ ಸೊಪ್ಪನ್ನೂ ಕೊಯ್ಯಬಾರದು. ಮುಂಚೆಯೇ ತಿಳಿಸಿದರೆ ಅವರು ಸಿಂಪಡಣೆಯನ್ನು ಹಬ್ಬದ ನಂತರಕ್ಕೆ ಹಾಕಿಕೊಳ್ಳಬಹುದು. ಹೋದ ವರ್ಷ ನಾನು ಹಾಗೆಯೇ ಮಾಡಿದೆ.

ಎರಡನೆಯದು, ಕೆಲವು ಗದ್ದೆಗಳಲ್ಲಿ ಅಷ್ಟರಲ್ಲಿ ಕದಿರು ಹೊರಗೆ ಬಂದು ಹೂವಾಗಿರುತ್ತದೆ. ಭತ್ತದ ಹೂವು ಅರಳುವುದು ಬಿಸಿಲೇರಿದ ಮೇಲೆ, ಸುಮಾರು 9 ಗಂಟೆಯಿಂದ ಮಧ್ಯಾಹ್ನದವರೆಗೆ. ಆ ಹೊತ್ತಿನಲ್ಲಿ ಪೈರಿನ ನಡುವೆ ಓಡಾಡಿ ಅಲುಗಿಸಿದರೆ ಕಾಳು ಜೊಳ್ಳಾಗುವ ಭಯವಿದೆ. ಬೆಳಗಾಗುವ ಮುಂಚೆ ಬೀರಿ ಮುಗಿಸುವ ಹಿರಿಯರ ಕ್ರಮ ಪೈರಿಗೂ ಹಿತವೇ. ಬದುವಿನ ಮೇಲಿಂದಲೇ ಬೀರಿ. ಒಳಗೆ ಇಳಿಯುವುದಾದರೆ ಪೂಜೆಯ ಬುಡದವರೆಗೆ ಒಬ್ಬರೇ ಇಳಿಯಲಿ.

ಮೂರನೆಯದು ನಿಮ್ಮ ಅತ್ತೆಯವರ ಕಾಲು. ಎರಡು ವರ್ಷ ಸಿಮೆಂಟಿನ ಮೇಲೆ ನಡೆದ ಕಾಲಿಗೆ ಏಡಿ ಕೊರೆದ ಬದು ಹೊಸದಾಗಿಬಿಡುತ್ತದೆ. ಕತ್ತಲಿನಲ್ಲಿ ಇಬ್ಬರು ಹಿಂದೆ ಮುಂದೆ ಇರಿ, ಒಳ್ಳೆಯ ಬ್ಯಾಟರಿ ಇರಲಿ.

ಒಂದು ವೇಳೆ ಊರಿನವರು ಒಪ್ಪದೆ ಹೋದರೆ ನಮ್ಮ ಗದ್ದೆಗೆ ಬನ್ನಿ. ನಮ್ಮ ತಾಯಿ ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ನನ್ನ ಹೆಂಡತಿಯೊಬ್ಬಳೇ ಎಲ್ಲವನ್ನೂ ಮಾಡುತ್ತಾಳೆ, ಹಿರಿಯರೊಬ್ಬರು ಜೊತೆಗಿದ್ದರೆ ಅವಳಿಗೂ ಧೈರ್ಯ. ಈ ಮಾತನ್ನು ಬಾಯಿಮಾತಿಗೆ ಹೇಳುತ್ತಿಲ್ಲ.

ವಿನೋಬನಗರದ ಸೊಸೆ

ಹೋದ ಭಾನುವಾರ ನಾವಿಬ್ಬರೂ ಆಯನೂರು ದಾಟಿ ಊರಿಗೆ ಹೋಗಿ ಬಂದೆವು. ಮೇಷ್ಟ್ರು ಹೇಳಿದಂತೆಯೇ ಜಗಲಿಯಲ್ಲಿ ಕುಳಿತು ಕೇಳಿದೆವು. ಯಜಮಾನರು ಹಕ್ಕಿನ ಮಾತನ್ನು ಎತ್ತುತ್ತಿದ್ದಂತೆ ಗದ್ದೆ ಕೊಂಡ ಹಿರಿಯರು ಕೈಯಾಡಿಸಿ ಆ ಮಾತನ್ನು ಅಲ್ಲಿಗೇ ನಿಲ್ಲಿಸಿ, ಎಲೆ ಅಡಿಕೆ ತೆಗೆದುಕೊಂಡರು. ಅವರ ಮನೆಯವರು ಒಳಗಿನಿಂದ ಬಂದು, "ದೊಡ್ಡಮ್ಮ ಯಾವ ಬುಡಕ್ಕೆ ಪೂಜೆ ಮಾಡ್ತಿದ್ರು ಅಂತ ನಮಗೆ ಗೊತ್ತಿಲ್ಲ. ಎರಡು ವರ್ಷದಿಂದ ನಾವು ತೂಬಿನ ಹತ್ತಿರ ಮಾಡ್ತಾ ಇದೀವಿ, ಅದು ಸರಿಯೋ ಅಲ್ವೋ ಅಂತ ಕೇಳ್ಬೇಕಿತ್ತು" ಎಂದರು. ಹೀಗೆ ಕೇಳಬೇಕೆಂದು ಅವರೂ ಕಾದಿದ್ದರೆಂದು ನನಗೆ ಹೊಳೆದಿರಲಿಲ್ಲ. ಔಷಧಿಯ ವಿಚಾರವನ್ನೂ ಕೇಳಿದೆ; ಹಬ್ಬ ಕಳೆಯುವವರೆಗೆ ಸಿಂಪಡಿಸುವುದಿಲ್ಲವೆಂದರು.

ಮನೆಗೆ ಬಂದು ಅತ್ತೆಗೆ ಹೇಳಿದಾಗ ಅವರು ಮೊದಲು ಕೇಳಿದ್ದು ಭತ್ತ ಯಾವ ತಳಿಯೆಂದು. ಆಮೇಲೆ, ತೂಬಿನ ಹತ್ತಿರ ಬೇಡ, ಮೇಲಿನ ಬದುವಿನ ಮೂರನೇ ಬುಡ ಎಂದು ಬೆರಳೆಣಿಸಿ ಹೇಳಿದರು. ಅಲ್ಲಿ ಒಂದು ಕಡುಬನ್ನು ಹೂಳಿ ಕೊಯ್ಲಿನ ದಿನ ತೆಗೆಯುತ್ತಿದ್ದರಂತೆ, ಕಾಗೆಗೊಂದು, ಇಲಿಗೊಂದು ಎಡೆ ಬೇರೆಯಂತೆ. ಇಷ್ಟನ್ನು ಅವರು ಈವರೆಗೆ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಚಿತ್ತಾರ ಅವರ ತವರಿನಲ್ಲಿ ಇಲ್ಲವೆಂದು ತಿಳಿಯಿತು, ಆದ್ದರಿಂದ ಬರಿಯ ಬುಟ್ಟಿ. ಹೊಳಲೂರಿನ ಅಣ್ಣನವರ ಕರೆಯನ್ನು ಮರೆಯುವುದಿಲ್ಲ. ಹಬ್ಬ ಕಳೆದ ಮೇಲೆ ಅತ್ತೆಯವರನ್ನು ಒಂದು ದಿನ ನಿಮ್ಮ ಮನೆಗೆ ಕರೆದುಕೊಂಡು ಬರುತ್ತೇನೆ.

ಬೆಳಕು ಹರಿಯುವ ಮುಂಚೆ ಗದ್ದೆಯಲ್ಲಿರಬೇಕಾದ್ದರಿಂದ ರಾತ್ರಿ 3 ಗಂಟೆಗೆ ಇಲ್ಲಿಂದ ಹೊರಡುತ್ತೇವೆ. ಗೋಪಾಳದ ಅಕ್ಕನವರಲ್ಲಿ ಇನ್ನೊಂದು ಪ್ರಶ್ನೆ. ಹಚ್ಚಂಬಲಿಯನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ಯೋಣವೆಂದರೆ ಅತ್ತೆ ಒಪ್ಪುತ್ತಿಲ್ಲ, ಬುಟ್ಟಿಯಲ್ಲೇ ಇರಬೇಕೆನ್ನುತ್ತಾರೆ. ಒಂದೂವರೆ ಗಂಟೆ ಕಾರಿನಲ್ಲಿ ಸೋರದಂತೆ ಹೇಗೆ ಒಯ್ಯುವುದು?

ಸೊರಬದಿಂದ ಬಂದು ಗೋಪಾಳದಲ್ಲಿ ನೆಲೆಸಿದವಳು

ನೀರು ಹೆಚ್ಚಿಡದೆ ಗಟ್ಟಿಯಾಗಿ ಬೇಯಿಸಿ, ಅನ್ನ ಕಲಸಿ, ಪೂರ್ತಿ ತಣಿಯಲು ಬಿಡಿ. ಬಾಳೆಎಲೆಯನ್ನು ಬೆಂಕಿಯಲ್ಲಿ ಬಾಡಿಸಿ, ಒಂದರ ಸೀಳು ಇನ್ನೊಂದರ ಮೇಲೆ ಬಾರದಂತೆ ಎರಡು ಪದರ ಹಾಸಿ ತುಂಬಿ. ಕಾರಿನ ಹಿಂದೆ ಇಡಬೇಡಿ, ಅತ್ತೆಯವರ ತೊಡೆಯ ಮೇಲೆ ಕೊಡಿ. ಅವರು ಚೆಲ್ಲಗೊಡುವುದಿಲ್ಲ.